ಹಲಾಲ್ ಆಹಾರ: ಕೆಮಿಸ್ಟ್ರಿ ಕ್ಲಾಸಿನಲ್ಲಿ ಪಾಠ ಮಾಡುವುದು ಹೇಗೆ?

ಹತ್ತನೇ ಕ್ಲಾಸಿನ ಕಾರ್ಬನ್ ಪಾಠದಲ್ಲಿ ಎಥನಾಲ್ ಬರುತ್ತದೆ, ಅಸಿಟಿಕ್ ಆಮ್ಲ ಬರುತ್ತದೆ, ಸಾಬೂನು ಬರುತ್ತದೆ. ಪಿಯುಸಿಗೆ ಹೋದರೆ ಪ್ರೋಟೀನು, ಕಿಣ್ವ. ಮಕ್ಕಳು ಇವನ್ನೆಲ್ಲ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಡುತ್ತಾರೆ. ಇಷ್ಟೂ ಒಂದೇ ಕಡೆ ಸಿಗುವ ವಿಷಯ ಹಲಾಲ್ ಆಹಾರ. ಚಿಕ್ಕಮಗಳೂರು, ಹಾಸನದ ಯಾವ ಹೈಸ್ಕೂಲಿನಲ್ಲಾದರೂ, ದೊಡ್ಡ ಲ್ಯಾಬ್ ಇಲ್ಲದೆಯೇ, ನಾಲ್ಕು ಪೀರಿಯಡ್‌ಗಳಲ್ಲಿ ಇದನ್ನು ಚೆನ್ನಾಗಿ ಮಾಡಬಹುದು. ಪಾಠ ಮಾಡುವ ಮೇಷ್ಟ್ರು, ಮೇಡಂಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲೇ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆಯಿರಿ. ಈ ವಸ್ತು ಏನು? ಎಲ್ಲಿಂದ ಬಂತು? ಇದನ್ನು ತಿನ್ನಬಹುದಾ? ಮೊದಲನೆಯದಕ್ಕೆ ಕೆಮಿಸ್ಟ್ರಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಕೆಲವು ಸಲ ಕೊಡುತ್ತದೆ, ಕೆಲವು ಸಲ ಅದರ ಕೈಯಲ್ಲಿ ಆಗುವುದಿಲ್ಲ. ಮೂರನೆಯದು ಧರ್ಮ ಬಲ್ಲವರ, ಮನೆಯವರ, ತಿನ್ನುವವರ ಮನಸ್ಸಿನ ವಿಷಯ. ಮಕ್ಕಳು ಈ ಮೂರನ್ನೂ ಕಲಸದೆ ಬೇರೆ ಬೇರೆ ನೋಡಲು ಕಲಿತರೆ ಸಾಕು, ಪಾಠ ಗೆದ್ದ ಹಾಗೆ.

ಕ್ಲಾಸಿಗೆ ಮೊದಲು

ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ. ಏನೇನು ಪ್ರಯೋಗ ಇದೆ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. 2022ರ ಯುಗಾದಿ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ವಿಷಯಕ್ಕೆ ಎಷ್ಟು ಗದ್ದಲ ಆಯ್ತು ಎನ್ನುವುದು ಎಲ್ಲರಿಗೂ ನೆನಪಿದೆ. ಹೊಸತೊಡಕಿನ ಮಾಂಸ ಎಲ್ಲಿ ತರಬೇಕು ಎನ್ನುವವರೆಗೆ ಆ ಮಾತು ಮನೆಮನೆಗೆ ಹೋಗಿತ್ತು. ಮಕ್ಕಳು ಅದನ್ನು ಕೇಳಿಸಿಕೊಂಡಿದ್ದಾರೆ. ಅದಕ್ಕೇ ಈ ಪಾಠ ಬೇಡ ಅನ್ನುವವರು ಇದ್ದಾರೆ. ನಾನು ಅದಕ್ಕೇ ಬೇಕು ಅನ್ನುತ್ತೇನೆ. ಆದರೆ ತಯಾರಿ ಮಾಡಿಕೊಂಡೇ ಹೋಗಬೇಕು.

ಎರಡು ವಿಷಯ ಗಟ್ಟಿಯಾಗಿ ಇಟ್ಟುಕೊಳ್ಳಿ. ಒಂದು, ಕ್ಲಾಸಿನಲ್ಲಿರುವ ಮುಸ್ಲಿಂ ಹುಡುಗನನ್ನೋ ಹುಡುಗಿಯನ್ನೋ ಎಬ್ಬಿಸಿ ‘ನಿಮ್ಮಲ್ಲಿ ಹೇಗೆ, ಹೇಳಪ್ಪ’ ಎಂದು ಕೇಳಬೇಡಿ. ಹದಿನೈದು ವರ್ಷದ ಮಗುವಿನ ತಲೆ ಮೇಲೆ ಇಡೀ ಸಮುದಾಯದ ಉತ್ತರ ಹೊರಿಸುವುದು ಅನ್ಯಾಯ. ತಾನಾಗಿ ಮಾತಾಡಿದರೆ ಕೇಳಿ, ಅಷ್ಟೇ. ಇನ್ನೊಂದು, ಇದು ಒಬ್ಬರ ಪ್ರಶ್ನೆ ಎಂದು ಬಿಂಬಿಸಬೇಡಿ. ಜೈನರ ಮನೆಯ ಮಗು, ಲಿಂಗಾಯತರ ಮನೆಯ ಮಗು, ದನದ ಮಾಂಸ ಮುಟ್ಟದವರು, ಮೊಟ್ಟೆ ತಿನ್ನದವರು ಎಲ್ಲರೂ ಅಂಗಡಿಯಲ್ಲಿ ಕವರ್ ತಿರುಗಿಸಿ ನೋಡುವವರೇ, ಅಲ್ವಾ?

ಹಲಾಲ್ ಎಂದರೇನು ಎನ್ನುವುದಕ್ಕೆ ಐದು ನಿಮಿಷ ಸಾಕು. ಇಸ್ಲಾಮಿನಲ್ಲಿ ಅನುಮತಿ ಇರುವುದು ಹಲಾಲ್, ಇಲ್ಲದ್ದು ಹರಾಮ್, ಅನುಮಾನ ಇರುವುದು ಮಶ್ಬೂಹ್. ಸತ್ತುಬಿದ್ದ ಪ್ರಾಣಿ, ರಕ್ತ, ಹಂದಿ ಮಾಂಸ, ಅಲ್ಲಾಹನಲ್ಲದೆ ಬೇರೆ ಹೆಸರಿನಲ್ಲಿ ಕೊಯ್ದದ್ದು, ಅಮಲು ತರುವ ಪಾನೀಯ ಇವು ಬೇಡ ಎಂದು ಕುರಾನ್ ಹೇಳುತ್ತದೆ. ಬೇರೆ ದಾರಿಯೇ ಇಲ್ಲದ ಹಸಿವಿನಲ್ಲಿದ್ದವರಿಗೆ ವಿನಾಯಿತಿಯೂ ಇದೆ. ನಮ್ಮ ಕೆಮಿಸ್ಟ್ರಿಗೆ ಜಾಸ್ತಿ ಕೆಲಸ ಇರುವುದು ಆ ಮಶ್ಬೂಹ್ ಎನ್ನುವ ಜಾಗದಲ್ಲಿ.

ಮೊದಲ ಪೀರಿಯಡ್: ಕಾಫಿಯಿಂದ ಶುರು

ಚಿಕ್ಕಮಗಳೂರಿನಲ್ಲಿ ಪಾಠ ಮಾಡುವವರಿಗೆ ಇಂಥ ಬಾಗಿಲು ಬೇರೆಲ್ಲೂ ಸಿಗದು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎನ್ನುವ ಕಥೆ ಎಸ್ಟೇಟ್ ಮಕ್ಕಳಿಗೆಲ್ಲ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅದಕ್ಕೂ ಮೊದಲೇ, 1511ರಲ್ಲಿ, ಮೆಕ್ಕಾದಲ್ಲಿ ಕಾಫಿಯೇ ಹರಾಮ್ ಎಂದು ತೀರ್ಮಾನವಾಗಿತ್ತು!

ಯೆಮನ್‌ನ ಸೂಫಿಗಳು ರಾತ್ರಿಯೆಲ್ಲ ದೇವರ ಸ್ಮರಣೆ ಮಾಡಲು ನಿದ್ದೆ ಬಾರದಿರಲಿ ಎಂದು ಕಾಫಿ ಕುಡಿಯುತ್ತಿದ್ದರು. ಮೆಕ್ಕಾದ ಅಧಿಕಾರಿ ಖೈರ್ ಬೇಗ್‌ಗೆ ಇದು ಸರಿ ಕಾಣಲಿಲ್ಲ. ವಿದ್ವಾಂಸರನ್ನೂ ವೈದ್ಯರನ್ನೂ ಕರೆಸಿ, ಇದು ಅಮಲು ತರುತ್ತದಾ ಎಂದು ಕೇಳಿ, ನಿಷೇಧ ಹಾಕಿದ. ಸ್ವಲ್ಪ ಕಾಲದಲ್ಲೇ ಕೈರೋದ ಸುಲ್ತಾನ ಅದನ್ನು ಸಡಿಲಿಸಿದ.

ಈಗ ಮಕ್ಕಳಿಗೆ ಕೇಳಿ: ಆ ಸಭೆಯಲ್ಲಿ ನೀವಿದ್ದಿದ್ದರೆ ಏನು ಸಾಕ್ಷಿ ಹೇಳುತ್ತಿದ್ದಿರಿ? ಬೋರ್ಡಿನ ಮೇಲೆ ಕೆಫೀನ್ ಮತ್ತು ಎಥನಾಲ್ ಎರಡರ ರಚನೆ ಬರೆಯಿರಿ. ಕೆಫೀನ್‌ನಲ್ಲಿ ಎರಡು ಉಂಗುರ, ನಾಲ್ಕು ನೈಟ್ರೋಜನ್. ಎಥನಾಲ್ ಪುಟ್ಟ ಅಣು, ಎರಡೇ ಕಾರ್ಬನ್. ನಿದ್ದೆಯ ಸೂಚನೆ ಕೊಡುವ ಅಡೆನೊಸಿನ್ ಮೆದುಳಿನಲ್ಲಿ ಕೂರುವ ಜಾಗವನ್ನು ಕೆಫೀನ್ ತಡೆಯುತ್ತದೆ, ಹಾಗಾಗಿ ಎಚ್ಚರ. ಎಥನಾಲ್ ನರಗಳ ಕೆಲಸವನ್ನು ನಿಧಾನ ಮಾಡುತ್ತದೆ, ಹಾಗಾಗಿ ಮಂಪರು. ಎರಡೂ ಮೆದುಳಿಗೆ ಹೋಗುತ್ತವೆ, ಆದರೆ ಮಾಡುವ ಕೆಲಸ ಬೇರೆ. ಅಮಲು ಎಂದರೆ ಏನು ಎಂದು ಹೇಳಬೇಕಾದವರು ವಿದ್ವಾಂಸರು. ಈ ಅಣು ಏನು ಮಾಡುತ್ತದೆ ಎಂದು ಹೇಳಬೇಕಾದವರು ನಾವು. ಬೋರ್ಡಿನ ಮೇಲಿನ ಮೂರು ಪ್ರಶ್ನೆಗಳ ವ್ಯತ್ಯಾಸ ಮಕ್ಕಳಿಗೆ ಇಲ್ಲೇ ತಿಳಿದುಬಿಡುತ್ತದೆ. ಯಾರ ಮನಸ್ಸಿಗೂ ನೋವಾಗುವುದಿಲ್ಲ, ಯಾಕೆಂದರೆ ಕಾಫಿ ಎಲ್ಲರ ಮನೆಯದು.

ಪೀರಿಯಡ್ ಮುಗಿಯುವಾಗ ಮನೆಗೆಲಸ ಕೊಡಿ. ಬಿಸ್ಕತ್ತು, ಚಾಕಲೇಟ್, ಜೆಲ್ಲಿ, ಐಸ್‌ಕ್ರೀಮ್, ಬ್ರೆಡ್, ನೂಡಲ್ಸ್ ಹೀಗೆ ಯಾವುದಾದರೂ ಖಾಲಿ ಕವರ್ ತರಬೇಕು. ಹೊಸದಾಗಿ ದುಡ್ಡು ಕೊಟ್ಟು ಕೊಳ್ಳುವುದು ಬೇಡ.

ಎರಡನೇ ಪೀರಿಯಡ್: ಕವರ್ ಓದುವುದು

ಮಕ್ಕಳನ್ನು ಗುಂಪು ಮಾಡಿ. ಪ್ರತಿ ಗುಂಪೂ ಕವರಿನಲ್ಲಿರುವ ಐಎನ್‌ಎಸ್ ನಂಬರುಗಳನ್ನು (ಆಹಾರಕ್ಕೆ ಬೆರೆಸುವ ವಸ್ತುಗಳಿಗೆ ಕೊಟ್ಟ ಅಂತರರಾಷ್ಟ್ರೀಯ ನಂಬರುಗಳು) ಬರೆದುಕೊಳ್ಳಲಿ. ಆಮೇಲೆ ಪ್ರತಿ ನಂಬರಿನ ಮುಂದೆ ‘ಗಿಡದ್ದು’, ‘ಪ್ರಾಣಿಯದ್ದು’, ‘ಎರಡೂ ಆಗಬಹುದು’ ಎಂದು ಗುರುತು ಹಾಕಲಿ.

ನಿಮ್ಮ ಕೈಯಲ್ಲಿ ಉತ್ತರ ಇರಬೇಕು. 330 ಸಿಟ್ರಿಕ್ ಆಮ್ಲ, ಇದನ್ನು ಬೂಷ್ಟು ಜಾತಿಯ ಶಿಲೀಂಧ್ರದಿಂದ ಸಕ್ಕರೆ ಹುದುಗಿಸಿ ಮಾಡುತ್ತಾರೆ. 406 ಅಗರ್, ಕಡಲ ಪಾಚಿಯಿಂದ. 440 ಪೆಕ್ಟಿನ್, ಹಣ್ಣಿನಿಂದ. ಕಾಫಿ ಹಣ್ಣಿನ ಪಲ್ಪ್ ತೆಗೆದ ಮೇಲೆ ಬೀಜಕ್ಕೆ ಅಂಟಿರುವ ಲೋಳೆಯಲ್ಲೂ ಪೆಕ್ಟಿನ್ ಇದೆ, ತೋಟದ ಮಕ್ಕಳಿಗೆ ಇದನ್ನು ಹೇಳದೆ ಬಿಡಬೇಡಿ. 322 ಲೆಸಿಥಿನ್, ಸಾಮಾನ್ಯವಾಗಿ ಸೋಯಾದಿಂದ, ಮೊಟ್ಟೆಯಿಂದಲೂ ಆಗುತ್ತದೆ. 120 ಕಾರ್ಮೈನ್, ಕೊಚಿನಿಯಲ್ ಎನ್ನುವ ಹುಳದಿಂದ ತೆಗೆದ ಕೆಂಪು ಬಣ್ಣ. ಹುಳದ ಬಣ್ಣ ಆಗುತ್ತದಾ ಇಲ್ಲವಾ ಎನ್ನುವುದರಲ್ಲಿ ಇಸ್ಲಾಮಿನ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯ ಇದೆ. 162 ಬೀಟ್‌ರೂಟಿನ ಕೆಂಪು. 920 ಎಲ್-ಸಿಸ್ಟೀನ್, ಬ್ರೆಡ್ಡಿನ ಹಿಟ್ಟು ಮೆತ್ತಗಾಗಲು ಹಾಕುವ ಅಮೈನೋ ಆಮ್ಲ. ಇದನ್ನು ಕೋಳಿ, ಬಾತುಕೋಳಿ ಪುಕ್ಕದಿಂದಲೂ ಕೂದಲಿನಿಂದಲೂ ತೆಗೆಯುತ್ತಾರೆ, ಬ್ಯಾಕ್ಟೀರಿಯಾ ಹುದುಗಿಸಿಯೂ ಮಾಡುತ್ತಾರೆ. ಊರೂರಿಗೆ ಅಯ್ಯಂಗಾರ್ ಬೇಕರಿ ಕೊಟ್ಟ ಹಾಸನದಲ್ಲಿ ಬ್ರೆಡ್ಡಿನ ಮಾತಿಗೆ ಮಕ್ಕಳು ಕಿವಿ ಕೊಟ್ಟೇ ಕೊಡುತ್ತಾರೆ.

‘ಹಸಿರು ಚುಕ್ಕಿ ಇದ್ದರೆ ಸಾಕಲ್ವಾ ಸರ್?’ ಎಂದು ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದ ಪ್ರಕಾರ ಹಸಿರು ಚುಕ್ಕಿ ಇದ್ದರೆ ಹಾಲು, ಜೇನಿನಂಥವು ಬಿಟ್ಟು ಪ್ರಾಣಿಯಿಂದ ಬಂದದ್ದು ಇರಬಾರದು. ಹಾಗಾಗಿ ಹಂದಿ ಕೊಬ್ಬಿನ ಅನುಮಾನ ಅಲ್ಲಿಗೇ ಹೋಗುತ್ತದೆ. ಆದರೆ ಆ ಚುಕ್ಕಿ ಆಲ್ಕೋಹಾಲಿನ ಬಗ್ಗೆ ಏನೂ ಹೇಳುವುದಿಲ್ಲ. ಕೆಲವು ಎಸೆನ್ಸುಗಳು ಎಥನಾಲ್‌ನಲ್ಲೇ ಕರಗಿರುತ್ತವೆ. ಇನ್ನೊಂದು ಕಡೆ, ಕಂದು ಗುರುತು ಇದ್ದ ಮಾತ್ರಕ್ಕೆ ಹರಾಮ್ ಅಂತಲೂ ಅಲ್ಲ. ಮೀನಿನ ತಿಂಡಿಗೂ ಅದೇ ಗುರುತು.

ಇಲ್ಲಿ ಒಂದು ಎಚ್ಚರಿಕೆ ಕಡ್ಡಾಯವಾಗಿ ಹೇಳಿ. ಮಾತ್ರೆಯ ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಾಟಿನ್, ಅಂದರೆ ಪ್ರಾಣಿಯ ಚರ್ಮ, ಮೂಳೆಯಿಂದ ಬರುವ ವಸ್ತು. ಅದನ್ನು ಕೇಳಿದ ಮಗು ಮನೆಗೆ ಹೋಗಿ ಅಜ್ಜಿಯ ಮಾತ್ರೆ ನಿಲ್ಲಿಸಿಬಿಡಬಾರದು. ಗಿಡದ ಸೆಲ್ಯುಲೋಸಿನಿಂದ ಮಾಡಿದ ಕ್ಯಾಪ್ಸೂಲೂ ಇದೆ, ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಬಹುದು. ಕೇಳುವವರೆಗೆ ಔಷಧಿ ಬಿಡಬಾರದು.

471ರ ಹತ್ತಿರ ನಿಲ್ಲಿ

ಈ ನಂಬರಿಗೆ ಜಾಸ್ತಿ ಹೊತ್ತು ಕೊಡಿ. ಪಾಠದ ತಿರುಳು ಇದೇ. 471 ಎಂದರೆ ಕೊಬ್ಬಿನಾಮ್ಲಗಳ ಮೋನೋ ಮತ್ತು ಡೈಗ್ಲಿಸರೈಡುಗಳು. ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡುವ ವಸ್ತು. ಬಿಸ್ಕತ್ತು, ಐಸ್‌ಕ್ರೀಮ್, ಬ್ರೆಡ್ ಎಲ್ಲದರಲ್ಲೂ ಸಿಗುತ್ತದೆ. ಪಾಮ್ ಎಣ್ಣೆಯಿಂದಲೂ ಮಾಡಬಹುದು, ದನ ಅಥವಾ ಹಂದಿ ಕೊಬ್ಬಿನಿಂದಲೂ ಮಾಡಬಹುದು.

ಸಾಬೂನಿನ ಪಾಠ ನೆನಪಿಸಿ. ಯಾವ ಕೊಬ್ಬನ್ನಾದರೂ ಕ್ಷಾರದ ಜೊತೆ ಕುದಿಸಿದರೆ ಸಾಬೂನು ಮತ್ತು ಗ್ಲಿಸರಾಲ್ ಬರುತ್ತವೆ. ತೆಂಗಿನೆಣ್ಣೆಯಿಂದ ಬಂದ ಗ್ಲಿಸರಾಲ್, ಹಂದಿ ಕೊಬ್ಬಿನಿಂದ ಬಂದ ಗ್ಲಿಸರಾಲ್ ಎರಡೂ ಒಂದೇ ಅಣು. ಮೂರು ಕಾರ್ಬನ್, ಮೂರು ಹೈಡ್ರಾಕ್ಸಿಲ್. ಭದ್ರೆಯ ನೀರಾದರೂ ಹೇಮಾವತಿಯ ನೀರಾದರೂ ಪಾತ್ರೆಗೆ ಬಂದ ಮೇಲೆ ಕುದಿಯುವುದು ಒಂದೇ ಬಿಸಿಗೆ, ಹಾಗೆ. ಶುದ್ಧ ಮಾಡಿದ ಅಣುವಿನ ಮೇಲೆ ಹುಟ್ಟಿದ ಊರಿನ ಗುರುತು ಇರುವುದಿಲ್ಲ.

ಹಾಗಾದರೆ ಲ್ಯಾಬ್ ಏನು ಮಾಡಬಹುದು? ಹಸಿ ಮಾಂಸ ಆದರೆ ಡಿಎನ್‌ಎ ಇರುತ್ತದೆ, ಪಿಸಿಆರ್ ಪರೀಕ್ಷೆಯಲ್ಲಿ ಹಂದಿಯೋ ಕುರಿಯೋ ಗೊತ್ತಾಗುತ್ತದೆ. ಇಡೀ ಕೊಬ್ಬು ಆದರೆ ಅದರಲ್ಲಿರುವ ಕೊಬ್ಬಿನಾಮ್ಲಗಳ ಪ್ರಮಾಣ ಅಳೆದು ಬಹಳಷ್ಟು ಊಹಿಸಬಹುದು. ಹಂದಿ ಕೊಬ್ಬಿನಲ್ಲಿ ಪಾಮಿಟಿಕ್ ಆಮ್ಲ ಗ್ಲಿಸರಾಲ್‌ನ ನಡುವಿನ ಕಾರ್ಬನ್‌ಗೆ ಹೆಚ್ಚಾಗಿ ಅಂಟಿರುತ್ತದೆ, ಅದೂ ಒಂದು ಸುಳಿವು. ಆದರೆ ಒಡೆದು, ಶುದ್ಧ ಮಾಡಿ, ಬರಿಯ ಗ್ಲಿಸರಾಲ್ ಮಾಡಿಬಿಟ್ಟರೆ ಶಾಲೆಯ ಲ್ಯಾಬಿನಲ್ಲಿ ಮೂಲ ಹೇಳಲಾಗದು. ಆಗ ಬೇಕಾಗುವುದು ಕಾಗದ: ಎಲ್ಲಿ ಕೊಂಡರು, ಯಾವ ಕೊಬ್ಬು, ಯಾರು ನೋಡಿ ಸಹಿ ಹಾಕಿದರು. ಹಲಾಲ್ ಪ್ರಮಾಣಪತ್ರ ಯಾಕಿದೆ ಎನ್ನುವುದು ಮಕ್ಕಳಿಗೆ ಈ ಜಾಗದಲ್ಲಿ ತಾನಾಗೇ ಅರ್ಥವಾಗುತ್ತದೆ.

ಕೊಬ್ಬಿನ ಮೂಲ ಗೊತ್ತಿಲ್ಲದಿದ್ದರೆ ಎಷ್ಟು ದೊಡ್ಡ ವಿಷಯ ಆಗಬಹುದು ಎನ್ನುವುದಕ್ಕೆ ಇತಿಹಾಸದ ಮೇಷ್ಟ್ರ ಸಹಾಯ ತೆಗೆದುಕೊಳ್ಳಿ. 1857ರ ಎನ್‌ಫೀಲ್ಡ್ ಬಂದೂಕಿನ ತೋಟಾಕ್ಕೆ ಸವರಿದ್ದು ದನ, ಹಂದಿಯ ಕೊಬ್ಬು ಎಂಬ ಸುದ್ದಿಗೇ ಸಿಪಾಯಿಗಳು ಸಿಡಿದೆದ್ದರು. ತೋಟಾವನ್ನು ಬಾಯಿಂದ ಕಚ್ಚಿ ಹರಿಯಬೇಕಿತ್ತು.

ಹತ್ತಿರದ ಕಾಲದ ಕಥೆಯೂ ಇದೆ. 2001ರ ಶುರುವಿನಲ್ಲಿ ಇಂಡೋನೇಷ್ಯಾದಲ್ಲಿ ಅಜಿನೊಮೊಟೊ ಕಂಪನಿ ತನ್ನ ಟೇಸ್ಟಿಂಗ್ ಪೌಡರನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯ್ತು. ಪುಡಿಯಲ್ಲಿ ಹಂದಿಯ ಅಂಶ ಇರಲಿಲ್ಲ. ಪುಡಿ ತಯಾರಿಸುವ ಬ್ಯಾಕ್ಟೀರಿಯಾವನ್ನು ಸಾಕಲು ಬಳಸಿದ ಸೋಯಾ ಆಹಾರವನ್ನು ಮಾಡುವಾಗ ಹಂದಿಯ ಕಿಣ್ವ ಬಳಸಿದ್ದರು. ಅಲ್ಲಿನ ಉಲೇಮಾ (ಧರ್ಮ ವಿದ್ವಾಂಸರ) ಮಂಡಳಿ ಹರಾಮ್ ಎಂದಿತು. ಕೊನೆಯ ವಸ್ತುವಿನಲ್ಲಿ ಏನೂ ಸಿಕ್ಕಿಲ್ಲವಲ್ಲ, ಹಲಾಲ್ ಎಂದು ದೇಶದ ಅಧ್ಯಕ್ಷ ಅಬ್ದುರ್‍ರಹ್ಮಾನ್ ವಾಹಿದ್ ಹೇಳಿದರು. ಅವರೂ ದೊಡ್ಡ ಇಸ್ಲಾಮಿಕ್ ವಿದ್ವಾಂಸರೇ. ಲ್ಯಾಬ್ ವರದಿ ಒಂದೇ, ತೀರ್ಮಾನ ಎರಡು. ಮಕ್ಕಳು ಇದರ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಲಿ, ಬಿಡಿ. ಬೋರ್ಡಿನ ಮೂರು ಪ್ರಶ್ನೆಗಳಲ್ಲಿ ಜಗಳ ಯಾವುದರ ಬಗ್ಗೆ ಎಂದು ಮಾತ್ರ ಕೇಳುತ್ತಿರಿ.

ಮೂರನೇ ಪೀರಿಯಡ್: ಜೆಲಾಟಿನ್ ಮತ್ತು ಚೈನಾ ಗ್ರಾಸ್

ಕೈಯಾರೆ ಮಾಡುವ ಪ್ರಯೋಗಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಚೈನಾ ಗ್ರಾಸ್ ಎಂದು ಅಂಗಡಿಯಲ್ಲಿ ಸಿಗುವುದೇ ಅಗರ್. ಜೆಲಾಟಿನ್ ಮಾತ್ರ ಪ್ರಾಣಿಯ ಚರ್ಮ, ಮೂಳೆಯ ಕೊಲಾಜನ್‌ನಿಂದ ಬರುತ್ತದೆ. ಹಂದಿ, ದನ, ಮೀನು ಯಾವುದೂ ಆಗಬಹುದು. ಆದ್ದರಿಂದ ಹಿಂದಿನ ದಿನವೇ ಹೇಳಿ: ಜೆಲಾಟಿನ್ ಕೊಳವೆಗಳನ್ನು ಪಾಠ ಮಾಡುವವರು ಮಾತ್ರ ಮುಟ್ಟುತ್ತಾರೆ, ಯಾರಿಗೂ ಬಲವಂತ ಇಲ್ಲ. ಲ್ಯಾಬಿನಲ್ಲಿ ಯಾವುದನ್ನೂ ತಿನ್ನುವಂತಿಲ್ಲ.

100 ಮಿಲಿಲೀಟರ್ ನೀರಿಗೆ 1 ಗ್ರಾಂ ಅಗರ್ ಹಾಕಿ ಚೆನ್ನಾಗಿ ಕುದಿಸಿ ಕರಗಿಸಿ. ಇನ್ನೊಂದರಲ್ಲಿ 5 ಗ್ರಾಂ ಜೆಲಾಟಿನ್ ಅನ್ನು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಬೆಚ್ಚಗೆ ಮಾಡಿ ಕರಗಿಸಿ. ಪ್ರಣಾಳಗಳಿಗೆ ಹಾಕಿ ಹೆಪ್ಪುಗಟ್ಟಲು ಬಿಡಿ. ಜೆಲಾಟಿನ್‌ಗೆ ಫ್ರಿಜ್ ಅಥವಾ ಐಸ್ ಬೇಕು. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ಹೊರಗಿಟ್ಟರೂ ಗಟ್ಟಿಯಾಗುತ್ತದೆ.

ಎರಡನ್ನೂ ನೀರಿನ ಪಾತ್ರೆಯಲ್ಲಿಟ್ಟು ಥರ್ಮಾಮೀಟರ್ ನೋಡುತ್ತಾ ನಿಧಾನಕ್ಕೆ ಕಾಯಿಸಿ. 35 ಡಿಗ್ರಿಯ ಆಸುಪಾಸಿನಲ್ಲೇ ಜೆಲಾಟಿನ್ ನೀರಾಗುತ್ತದೆ. ಅಗರ್ ಸುಮಾರು 85 ಡಿಗ್ರಿಯವರೆಗೂ ಜಗ್ಗುವುದಿಲ್ಲ. ಕಾರಣ ಹೇಳಿ: ಕೊಲಾಜನ್‌ನಲ್ಲಿ ಮೂರು ಪ್ರೋಟೀನ್ ಎಳೆಗಳು ಹುರಿಗೊಂಡಿರುತ್ತವೆ. ಪ್ರತಿ ಮೂರನೇ ಅಮೈನೋ ಆಮ್ಲ ಗ್ಲೈಸಿನ್. ಜೊತೆಗೆ ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್. ಬಿಸಿಗೆ ಹುರಿ ಬಿಚ್ಚುತ್ತದೆ, ತಣಿದಾಗ ಅಲ್ಲಲ್ಲಿ ಮತ್ತೆ ಹೊಸೆದುಕೊಂಡು ನೀರನ್ನು ಹಿಡಿಯುತ್ತದೆ. ತಣ್ಣನೆಯ ಕಡಲಿನ ಮೀನಿನಲ್ಲಿ ಆ ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್ ಕಡಿಮೆ, ಹಾಗಾಗಿ ಅದರ ಜೆಲಾಟಿನ್ ಇನ್ನೂ ಬೇಗ ಕರಗುತ್ತದೆ. ಅಗರ್ ಪ್ರೋಟೀನೇ ಅಲ್ಲ, ಸಕ್ಕರೆಯ ಸರಪಳಿ.

ಪ್ರೋಟೀನ್ ಇದೆಯಾ ಎಂದು ನೋಡುವ ಬೈಯುರೆಟ್ ಪರೀಕ್ಷೆಯನ್ನು ಕರಗಿಸಿದ ದ್ರಾವಣದ ಮೇಲೆ ಮಾಡಿ. 2 ಮಿಲಿಲೀಟರ್ ದ್ರಾವಣಕ್ಕೆ ಅಷ್ಟೇ 10 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್, ಆಮೇಲೆ 1 ಶೇಕಡಾ ಕಾಪರ್ ಸಲ್ಫೇಟ್ ಕೆಲವು ಹನಿ. ಜೆಲಾಟಿನ್ ನೇರಳೆಯಾಗುತ್ತದೆ, ಅಗರ್ ನೀಲಿಯಾಗೇ ಉಳಿಯುತ್ತದೆ. ಕ್ಷಾರ ಕಣ್ಣಿಗೆ ಬೀಳದಂತೆ ಕನ್ನಡಕ ಹಾಕಿಸಿ.

ಸಮಯ ಇದ್ದರೆ ಅನಾನಸ್ ತನ್ನಿ. ಹಸಿ ಅನಾನಸ್ ರಸ ಬಿಟ್ಟರೆ ಗಟ್ಟಿ ಜೆಲಾಟಿನ್ ನೀರಾಗುತ್ತದೆ, ಯಾಕೆಂದರೆ ಅದರಲ್ಲಿರುವ ಬ್ರೋಮೆಲೈನ್ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಕುದಿಸಿದ ರಸ ಏನೂ ಮಾಡುವುದಿಲ್ಲ. ಅಗರ್‌ಗೆ ಎರಡೂ ಲೆಕ್ಕಕ್ಕಿಲ್ಲ. ಬಿರಿಯಾನಿ ಮಾಡುವವರು ಮಾಂಸಕ್ಕೆ ಪಪಾಯಕಾಯಿ ಸವರುವುದರ ಹಿಂದೆಯೂ ಇದೇ ತರದ ಕಿಣ್ವ ಇದೆ.

ಈ ಪ್ರಯೋಗದಿಂದ ಪ್ರೋಟೀನ್ ಹೌದೋ ಅಲ್ಲವೋ ಗೊತ್ತಾಗುತ್ತದೆ. ಹಂದಿಯದೋ ದನದ್ದೋ ಗೊತ್ತಾಗುವುದಿಲ್ಲ. ಅದನ್ನು ಮಕ್ಕಳ ಬಾಯಿಂದಲೇ ಹೇಳಿಸಿ.

ನಾಲ್ಕನೇ ಪೀರಿಯಡ್: ಆಲ್ಕೋಹಾಲ್

ಹಿಂದಿನ ದಿನವೇ ಒಂದು ಬಾಟಲಿಯಲ್ಲಿ 100 ಮಿಲಿಲೀಟರ್ ಉಗುರುಬೆಚ್ಚಗಿನ ನೀರು, 10 ಗ್ರಾಂ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಬಾಯಿಗೆ ಬಲೂನ್ ಕಟ್ಟಿ. ಯೀಸ್ಟ್ ಇಲ್ಲದ ಇನ್ನೊಂದು ಬಾಟಲಿಯೂ ಇರಲಿ. ಬಲೂನಿನ ಗಾಳಿ ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುತ್ತದೆ. ಸೋಸಿದ ದ್ರವಕ್ಕೆ ಅಯೋಡಿನ್ ದ್ರಾವಣ ಹಾಕಿ, ಕಂದು ಬಣ್ಣ ಹೋಗುವ ತನಕ ಕ್ಷಾರ ಹನಿಸಿ, ಬೆಚ್ಚಗೆ ಮಾಡಿದರೆ ಹಳದಿ ಅಯೋಡೋಫಾರ್ಮ್ ಇಳಿಯುತ್ತದೆ, ಅದು ಎಥನಾಲ್ ಇರುವುದರ ಸುಳಿವು. ಅಸಿಟೋನ್ ಕೂಡ ಇದೇ ಫಲಿತಾಂಶ ಕೊಡುತ್ತದೆ ಎಂದು ತಿಳಿಸಿ. ಡೈಕ್ರೋಮೇಟ್ ಪರೀಕ್ಷೆ ಬೇಡ, ಅದು ವಿಷ.

ಇನ್ನು ಮಾತಿಗೆ ಬನ್ನಿ. ಬಗನಿ ಮರದ ಕಳ್ಳು ಇಳಿಸಿದಾಗ ಸಿಹಿ, ಬಿಸಿಲೇರುವ ಹೊತ್ತಿಗೆ ಅಮಲು, ಇನ್ನೂ ಬಿಟ್ಟರೆ ಹುಳಿ. ಸಕ್ಕರೆ, ಎಥನಾಲ್, ಅಸಿಟಿಕ್ ಆಮ್ಲ: ಒಂದೇ ಮಡಕೆಯಲ್ಲಿ ಮೂರು ಪಾಠ. ತಾನಾಗೇ ವಿನೆಗರ್ ಆದ ದ್ರಾಕ್ಷಿ ಮದ್ಯವನ್ನು ಇಸ್ಲಾಮಿನಲ್ಲಿ ಹಲಾಲ್ ಎಂದು ಒಪ್ಪುತ್ತಾರೆ. ವಸ್ತುವೇ ಬದಲಾಯಿತು, ಹಾಗಾಗಿ ನಿಯಮವೂ ಬದಲಾಯಿತು. ಇದಕ್ಕೆ ಇಸ್ತಿಹಾಲಾ ಎನ್ನುತ್ತಾರೆ. ಏನಾದರೂ ಬೆರೆಸಿ ವಿನೆಗರ್ ಮಾಡಿದ್ದರೆ ಹನಫಿ ಪಂಥದವರು ಒಪ್ಪುತ್ತಾರೆ, ಶಾಫಿ ಪಂಥದವರು ಒಪ್ಪುವುದಿಲ್ಲ.

ಇಡ್ಲಿ ಹಿಟ್ಟು ಉಬ್ಬುವಾಗಲೂ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ, ಕಾರ್ಬನ್ ಡೈಆಕ್ಸೈಡ್ ಜೊತೆಗೆ ಚೂರು ಎಥನಾಲ್ ಮಾಡುತ್ತವೆ. ಕಳಿತ ಬಾಳೆಹಣ್ಣಿನಲ್ಲೂ ಅದು ಇರುತ್ತದೆ. ಇಡ್ಲಿ, ಬಾಳೆಹಣ್ಣನ್ನು ಯಾರೂ ಹರಾಮ್ ಅನ್ನುವುದಿಲ್ಲ. ನಿಯಮ ಇರುವುದು ಅಮಲಿನ ಪಾನೀಯದ ಬಗ್ಗೆ, ಎಥನಾಲ್ ಅಣುವಿನ ಬಗ್ಗೆ ಅಲ್ಲ. ಎಷ್ಟರವರೆಗೆ ಸರಿ ಎನ್ನುವ ಮಿತಿ ದೇಶದಿಂದ ದೇಶಕ್ಕೆ ಬೇರೆ.

‘ಬೇಯಿಸಿದರೆ ಆಲ್ಕೋಹಾಲ್ ಹಾರಿಹೋಗುತ್ತದೆ, ಎಥನಾಲ್ 78 ಡಿಗ್ರಿಗೆ ಕುದಿಯುತ್ತದಲ್ಲ’ ಎಂದು ಜಾಣ ಮಕ್ಕಳು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಅಮೆರಿಕದ ಕೃಷಿ ಇಲಾಖೆಯ ಅಂಕಿಗಳ ಪ್ರಕಾರ 15 ನಿಮಿಷ ಬೇಯಿಸಿದರೆ 40 ಶೇಕಡಾ, ಒಂದು ಗಂಟೆ ಬೇಯಿಸಿದರೆ 25 ಶೇಕಡಾ, ಎರಡೂವರೆ ಗಂಟೆ ಬೇಯಿಸಿದ ಮೇಲೂ 5 ಶೇಕಡಾ ಉಳಿದಿರುತ್ತದೆ. ನೀರು ಮತ್ತು ಎಥನಾಲ್ ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮಿಶ್ರಣದಲ್ಲಿ ಎಥನಾಲ್ ಒಂದೇ ಸಲ ಎದ್ದು ಹೋಗುವುದಿಲ್ಲ.

ಮಾಂಸದ ಪ್ರಶ್ನೆ ಬಂದಾಗ

ಬಂದೇ ಬರುತ್ತದೆ. ಚಿಕ್ಕದಾಗಿ, ನೇರವಾಗಿ ಉತ್ತರಿಸಿ. ಹಲಾಲ್ ಕೊಯ್ಯುವಾಗ ಅಲ್ಲಾಹನ ಹೆಸರು ಹೇಳಿ, ಹರಿತವಾದ ಚೂರಿಯಿಂದ ಗಂಟಲಿನ ಶ್ವಾಸನಾಳ, ಅನ್ನನಾಳ, ರಕ್ತನಾಳಗಳನ್ನು ಕತ್ತರಿಸಿ ರಕ್ತ ಹರಿಯಲು ಬಿಡುತ್ತಾರೆ. ಮಾಂಸದ ಪ್ಯಾಕೆಟ್ಟಿನಲ್ಲಿ ಕಾಣುವ ಕೆಂಪು ನೀರು ಹೆಚ್ಚಾಗಿ ರಕ್ತ ಅಲ್ಲ, ಸ್ನಾಯುವಿನ ಮಯೋಗ್ಲೋಬಿನ್ ಎನ್ನುವ ಕೆಂಪು ಪ್ರೋಟೀನ್ ಸೇರಿದ ನೀರು. ಕೊಯ್ದ ಮೇಲೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗಿ ಪಿಹೆಚ್ 7ರಿಂದ ಸುಮಾರು 5.5ಕ್ಕೆ ಇಳಿಯುತ್ತದೆ. ಪ್ರಾಣಿ ಮೊದಲೇ ಹೆದರಿ, ಓಡಾಡಿ ಸುಸ್ತಾಗಿದ್ದರೆ ಗ್ಲೈಕೋಜನ್ ಖಾಲಿಯಾಗಿರುತ್ತದೆ, ಪಿಹೆಚ್ ಇಳಿಯುವುದಿಲ್ಲ, ಮಾಂಸ ಕಪ್ಪಾಗಿ ಬೇಗ ಕೆಡುತ್ತದೆ. ಇದು ಯಾವ ಬಗೆಯಲ್ಲಿ ಕೊಯ್ದರೂ ನಿಜ.

ಹಲಾಲ್ ಮಾಂಸ ಆರೋಗ್ಯಕ್ಕೆ ಹೆಚ್ಚು ಒಳ್ಳೆಯದು, ಅಥವಾ ಕೆಟ್ಟದ್ದು, ಎಂದು ಕೆಮಿಸ್ಟ್ರಿಯ ಹೆಸರಿನಲ್ಲಿ ಹೇಳಬೇಡಿ. ಪ್ರಾರ್ಥನೆ ಅಣುವಾಗಿ ಮಾಂಸದಲ್ಲಿ ಉಳಿಯುವುದಿಲ್ಲ. ತಿನ್ನುವವರಿಗೆ ಅದರ ಬೆಲೆ ಇರುವುದು ನಂಬಿಕೆಯಲ್ಲಿ, ಆ ನಂಬಿಕೆಗೆ ಲ್ಯಾಬಿನ ಸರ್ಟಿಫಿಕೇಟ್ ಬೇಕಿಲ್ಲ.

ಅಂಕ ಕೊಡುವುದು

‘ಹಲಾಲ್ ಎಂದರೇನು’ ಎಂದು ಪ್ರಶ್ನೆ ಕೊಡಬೇಡಿ, ಬಾಯಿಪಾಠದ ಉತ್ತರ ಬರುತ್ತದೆ. ಬದಲಿಗೆ ಒಂದು ಪತ್ರ ಬರೆಸಿ. ಪ್ರತಿ ಗುಂಪೂ ತನ್ನ ಕವರಿನಲ್ಲಿ ‘ಎರಡೂ ಆಗಬಹುದು’ ಎಂದು ಗುರುತು ಹಾಕಿದ ಒಂದು ನಂಬರ್ ಆರಿಸಿಕೊಂಡು, ಕವರಿನ ಮೇಲಿರುವ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆಯಲಿ. ವಸ್ತುವಿನ ರಾಸಾಯನಿಕ ಹೆಸರು ಸರಿಯಾಗಿದ್ದರೆ ಎರಡು ಅಂಕ. ಯಾವ ಯಾವ ಮೂಲದಿಂದ ಬರಬಹುದು ಎಂದು ಬರೆದಿದ್ದರೆ ಎರಡು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರೆ ಇದು ಯಾಕೆ ಗೊತ್ತಾಗುವುದಿಲ್ಲ ಎಂದು ಒಂದು ವಾಕ್ಯದಲ್ಲಿ ವಿವರಿಸಿದ್ದರೆ ಮೂರು. ಕೇಳಿದ ಪ್ರಶ್ನೆ ಸ್ಪಷ್ಟವಾಗಿ, ಮರ್ಯಾದೆಯಿಂದ ಇದ್ದರೆ ಇನ್ನು ಮೂರು. ಶಾಲೆಯ ವಿಳಾಸ ಹಾಕಿ ಪೋಸ್ಟ್ ಮಾಡಿಸಿ, ಮಕ್ಕಳ ಮನೆಯ ವಿಳಾಸ ಬೇಡ. ಉತ್ತರ ಬಂದರೆ ಕವರಿನ ಜೊತೆಗೇ ಲ್ಯಾಬಿನ ಗೋಡೆಗೆ ಅಂಟಿಸಿ. ಮುಂದಿನ ವರ್ಷದ ಬ್ಯಾಚಿಗೆ ಎರಡನೇ ಪೀರಿಯಡ್ಡಿನ ಸಾಮಾನು ಸಿದ್ಧ.